ಎಳೆ ಪಾಕದ ದನಿ

ಫೋನಿನಲ್ಲಿ ನನ್ನ ಜೊತೆ ಮೊದಲ ಸಲ ಮಾತಾಡುವವರು ಕೇಳುವ ಮೊದಲ ಪ್ರಶ್ನೆ, ‘ನೆಗಡಿ ಆಗೇತೇನ್ರಿ?’ ನಾನು ಹೂಂ ಅಂದುಬಿಡುತ್ತೇನೆ. ಹೂಂ ಅಂದರೆ ಶುಂಠಿ ಕಷಾಯದ ಸಲಹೆಗೆ ಮಾತು ಮುಗಿಯುತ್ತದೆ. ಇಲ್ಲ ಅಂದರೆ ಪೂರ್ತಿ ಕಥೆ ಹೇಳಬೇಕಾಗುತ್ತದೆ. ಹೋದ ವಾರ ತೇರದಾಳದಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದ್ದಳು. ಸಾಲಿಯಲ್ಲಿ ಪಾಠ ಹೇಳುವವಳು. ಕೊರಳಿನಲ್ಲಿ ನನಗಿದ್ದಂಥದೇ ಗಂಟು. ‘ಅಣ್ಣಾರ, ದನಿ ಹೋಗತೈತೇನ್ರಿ?’ ಎಂದು ಕೇಳಿದವಳು ಮುಂದೆ ಮಾತಾಡಲಾಗದೆ ಅತ್ತಳು. ಆಕೆಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಜಮಖಂಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಮೊದಲು ಕೆಲವು ವರ್ಷ ಕಂಡಕ್ಟರ್. ಬಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಆಯಿತಲ್ಲ, ಆ ವರ್ಷ ನನ್ನನ್ನು ನಿಲ್ದಾಣದ ಸಣ್ಣ ಕೋಣೆಯೊಳಗೆ ಕೂರಿಸಿದರು. ಒಂದು ಕಿಟಕಿ, ಒಂದು ಮೇಜು, ಒಂದು ಮೈಕು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಗಾಡಿ ಕೂಗುವುದು ನನ್ನ ಕೆಲಸ. ಮುಧೋಳ, ಲೋಕಾಪುರ, ಕಲಾದಗಿ ಮಾರ್ಗವಾಗಿ ಬಾಗಲಕೋಟೆ. ಬನಹಟ್ಟಿ, ರಬಕವಿ, ತೇರದಾಳ. ಊರಿನ ಹೆಸರಿನ ಕೊನೆಯನ್ನು ನಾನು ಒಂದಿಷ್ಟು ಎಳೆಯುತ್ತಿದ್ದೆ. ಯಾರೂ ಕಲಿಸಿದ್ದಲ್ಲ, ತಾನಾಗಿ ಬಂದದ್ದು. ಮೂತ್ರಿಖಾನೆಯೊಳಗಿದ್ದವನಿಗೂ ಕೇಳಬೇಕು, ಹೋಟೆಲಿನಲ್ಲಿ ಚಹಾ ಊದುತ್ತ ಕೂತವನಿಗೂ ಕೇಳಬೇಕು. ‘ಮನ್ಯಾಗ ಕೇಳಿದ್ದಕ್ಕ ಒಂದು ಉತ್ತರ ಇಲ್ಲ, ಮೈಕ್ ಸಿಕ್ಕರ ಸಾಕು ಊರ ಉಸಾಬರಿ ಎಲ್ಲಾ ನಿಮ್ಮದ’ ಎನ್ನುತ್ತಿದ್ದಳು ಹೆಂಡತಿ ಶಾಂತಾ. ಸುಳ್ಳೇನಲ್ಲ.

ಆ ಊರುಗಳ ಪೈಕಿ ಒಂದನ್ನು ಮಾತ್ರ ನಾನು ಬೇರೆ ರೀತಿ ಕೂಗುತ್ತಿದ್ದೆ. ಹಾಲದಿನ್ನಿ. ಬೀಳಗಿ ಕಡೆ, ಕೃಷ್ಣೆಯ ದಂಡೆಯ ಮೇಲಿದ್ದ ನಮ್ಮ ಊರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಊರುಗಳ ಪಟ್ಟಿಯಲ್ಲಿ ನಮ್ಮದೂ ಇತ್ತು. ಸರಕಾರದವರು ಹೊಲದಲ್ಲಿ ಬಿಳಿ ಕಲ್ಲು ನೆಟ್ಟು, ‘ಈ ಕಲ್ಲಿನ ತನಕ ನೀರ ಬರತೈತಿ’ ಎಂದು ಹೇಳಿ ಹೋದರು. ನಾವು ಮೊದಮೊದಲು ನಕ್ಕೆವು. ಆಮೇಲೆ ಪ್ರತಿ ಮಳೆಗಾಲದಲ್ಲೂ ಹೋಗಿ, ನೀರಿಗೂ ಕಲ್ಲಿಗೂ ನಡುವೆ ಎಷ್ಟು ಹೆಜ್ಜೆ ಉಳಿದಿದೆ ಎಂದು ಅಳೆಯುವುದೇ ಕೆಲಸವಾಯಿತು. ಕಡೆಗೆ ಊರನ್ನು ಎತ್ತರದ ಜಾಗಕ್ಕೆ ಎಬ್ಬಿಸಿದರು. ಅಕ್ಕ ನೀಲವ್ವನ ಗಂಡನ ಮನೆಯೂ ಅದೇ ಊರು. ಅವಳು ಸಂಸಾರ ಹೊತ್ತುಕೊಂಡು ಹೊಸ ಜಾಗಕ್ಕೆ ಹೋದಳು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಅವರನ್ನು ಮಣ್ಣು ಮಾಡಿದ ಹೊಲ ನೀರಿನ ಕೆಳಗೆ ಹೋಯಿತು.

ನಾವು ಹೊಸೂರು ಎನ್ನುತ್ತಿದ್ದ ಆ ಜಾಗಕ್ಕೆ ಕಾಗದದ ಮೇಲೆ ಇದ್ದ ಹೆಸರು ‘ಪುನರ್ವಸತಿ ಕೇಂದ್ರ’. ಬಸ್ಸಿನ ಬೋರ್ಡಿನ ಮೇಲೂ ಅದೇ. ನಾನು ಮಾತ್ರ ಮೈಕಿನಲ್ಲಿ ‘ಹಾಲದಿನ್ನೀ’ ಎಂದೇ ಕೂಗುತ್ತಿದ್ದೆ. ಅದರಿಂದ ಒಂದು ದಿನ ಯಡವಟ್ಟಾಯಿತು. ಬಹಳ ವರ್ಷ ಮುಂಬಯಿ ಕಡೆ ಇದ್ದು, ಊರು ಮುಳುಗಿದ್ದು ತಿಳಿಯದ ನಮ್ಮೂರಿನ ಮುದುಕ ಒಬ್ಬ ನನ್ನ ಕೂಗು ಕೇಳಿ ಆ ಗಾಡಿ ಹತ್ತಿದ. ಹಳೆಯ ತಿರುವಿನಲ್ಲಿ ಇಳಿಸಿ ಎಂದು ಕಂಡಕ್ಟರನಿಗೆ ಹೇಳಿ, ಇಳಿದು, ನೀರಿನವರೆಗೆ ನಡೆದುಹೋಗಿ ಅಲ್ಲೇ ಸಂಜೆತನಕ ಕೂತುಬಿಟ್ಟ. ಕುರಿ ಕಾಯುವವರು ಕರೆತಂದು ಅಕ್ಕನ ಓಣಿಗೆ ಬಿಟ್ಟರು. ಮೇಲಿನವರು ನನ್ನನ್ನು ಕರೆದು ಬೈದರು. ಅದು ನನಗೆ ನಾಟಲಿಲ್ಲ. ನಾಟಿದ್ದು ಅಕ್ಕನ ಮಾತು. ‘ನೀರಾಗ ಮಲಗಿದವರನ್ನ ಯಾಕ ಎಬ್ಬಸ್ತೀಯೋ ತಮ್ಮಾ? ಆ ಹೆಸರು ಇನ್ನ ಕೂಗಬ್ಯಾಡ’ ಅಂದಳು. ಮರುದಿನದಿಂದ ನಾನೂ ‘ಪುನರ್ವಸತಿ ಕೇಂದ್ರ’ ಎಂದು ಕೂಗತೊಡಗಿದೆ. ಆ ಹೆಸರಿನ ಕೊನೆಯನ್ನು ಎಳೆಯಲು ಬರುತ್ತಿರಲಿಲ್ಲ.

ಗಂಟನ್ನು ಮೊದಲು ನೋಡಿದವನು ಕ್ಷೌರಿಕ ಭೀಮಣ್ಣ. ಗಡ್ಡ ಕೆರೆಯುತ್ತ ಕತ್ತಿಯನ್ನು ನಿಲ್ಲಿಸಿ, ‘ಸಾಹೇಬ್ರ, ಇಲ್ಲೇನೋ ಉಬ್ಬೇತಲ್ರಿ’ ಅಂದ. ಬಟಾಣಿ ಕಾಳಿನಷ್ಟು ಇದ್ದಿರಬೇಕು. ನಾನು ಕಾಲರ್ ಮೇಲೆಳೆದುಕೊಂಡು ಎದ್ದುಬಂದೆ. ಎರಡು ವರ್ಷದಲ್ಲಿ ಅದು ನಿಂಬೆಹಣ್ಣಿನಷ್ಟಾಯಿತು. ಅಂಗಿಯ ಮೇಲಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ರೊಟ್ಟಿ ನುಂಗುವಾಗ ಗಂಟಲಲ್ಲಿ ಯಾರೋ ಅಡ್ಡ ನಿಂತ ಹಾಗೆ. ಹೆಂಡತಿ ಕೇಳಿದರೆ ‘ಕೂಗಿ ಕೂಗಿ ನರ ಊದೇತಿ’ ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಖರೆ ಹೇಳಬೇಕೆಂದರೆ ಅಂಜಿದ್ದೆ. ನಮ್ಮ ಡ್ರೈವರ್ ಒಬ್ಬ ಗಂಟಲ ಕ್ಯಾನ್ಸರಿನಲ್ಲಿ ಸತ್ತದ್ದನ್ನು ಹತ್ತಿರದಿಂದ ನೋಡಿದ್ದೆ. ಹೆಸರು ಹಿಡಿಯದಿದ್ದರೆ ರೋಗ ತಿರುಗಿ ನೋಡುವುದಿಲ್ಲ ಎಂದು ನನ್ನಷ್ಟಕ್ಕೆ ನಾನು ನಂಬಿಕೊಂಡಿದ್ದೆ.

ಒಂದು ಬೆಳಿಗ್ಗೆ ಮುಧೋಳ ಗಾಡಿ ಕೂಗುವಾಗ ದನಿ ನಡುವೆ ಹರಿದುಹೋಯಿತು. ಕಿಟಕಿಯ ಹೊರಗೆ ನಿಂತಿದ್ದವರು ತಿರುಗಿ ನೋಡಿದರು. ಅಂದು ಸಂಜೆ ಶಾಂತಾ ನನ್ನ ಅಂಗಿಯ ಕಾಲರನ್ನು ತಾನೇ ಸರಿಸಿ, ಆ ಗಂಟಿನ ಮೇಲೆ ಬೆರಳಿಟ್ಟಳು. ಬೈಯಲಿಲ್ಲ. ‘ನಾಳೆ ಮಿರಜಿಗೆ ಹೋಗೂನ್ರಿ’ ಅಂದಳು. ನಮ್ಮ ಕಡೆ ಮಿರಜಿಗೆ ಹೋಗುವುದು ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜಮಖಂಡಿಯ ಡಾಕ್ಟರು ತಲೆ ಅಲ್ಲಾಡಿಸಿದ ಮೇಲಿನ ದಾರಿ ಅದು. ಮನೆಯಲ್ಲಿ ಯಾರಾದರೂ ಮಿರಜಿಗೆ ಹೋದರು ಎಂದರೆ ಓಣಿಯವರು ದನಿ ತಗ್ಗಿಸಿ ಮಾತಾಡುತ್ತಾರೆ.

ಮಿರಜಿನ ದವಾಖಾನೆಯ ಪಡಸಾಲೆಯಲ್ಲಿ ಮೂರು ತಾಸು ಕೂತಿದ್ದೆವು. ಒಂದು ಬೆಂಚಿನ ಮೇಲೆ ಚಿಕ್ಕೋಡಿ, ಇನ್ನೊಂದರ ಮೇಲೆ ಅಥಣಿ, ನೆಲದ ಮೇಲೆ ಬುತ್ತಿ ಬಿಚ್ಚಿಕೊಂಡು ನಮ್ಮ ಬನಹಟ್ಟಿ. ಸಂತೆಯೇ. ನಾನು ಶಾಂತಾಳಿಗೆ ಏನೋ ಹೇಳಿದೆ. ಮುಂದೆ ಕೂತಿದ್ದ ಬನಹಟ್ಟಿಯ ನೇಕಾರನೊಬ್ಬ ಗಕ್ಕನೆ ತಿರುಗಿದ. ‘ನೀವು ಜಮಖಂಡಿ ಸ್ಟ್ಯಾಂಡಿನ್ಯಾಗ ಕೂಗವರಲ್ಲೇನ್ರಿ?’

‘ಹೌದ್ರಿ. ಹೆಂಗ ಗೊತ್ತಾತು?’

‘ಮಾರಿ ಗೊತ್ತಿಲ್ರಿ, ದನಿ ಗೊತ್ತೈತಿ. ಇಪ್ಪತ್ತು ವರ್ಷ ನಿಮ್ಮ ದನಿ ಕೇಳೇ ಗಾಡಿ ಹತ್ತೇನಿ. ಒಂದ ದಿನಾನೂ ತಪ್ಪ ಗಾಡಿ ಹತ್ತಿಲ್ಲ.’

ಆತ ತನ್ನ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ಕೊಟ್ಟ. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆ.

ಗಂಟಿಗೆ ಸೂಜಿ ಚುಚ್ಚಿ, ಒಳಗಿನದನ್ನು ಒಂದಿಷ್ಟು ತೆಗೆದು ಎರಡು ಸಲ ಪರೀಕ್ಷೆ ಮಾಡಿದರು. ಎರಡು ಸಲವೂ ಕ್ಯಾನ್ಸರ್ ಅಲ್ಲ ಎಂದು ಬಂತು. ಶಾಂತಾ ದವಾಖಾನೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಂದು ನಿಮಿಷ ಅತ್ತು, ಎದ್ದು, ‘ನಡೀರಿ, ಚಾ ಕುಡಿಯೂಣು’ ಅಂದಳು. ಆದರೆ ಗಂಟು ಬೆಳೆಯುತ್ತಿತ್ತು, ಉಸಿರಿನ ಕೊಳವೆಯನ್ನು ಒಂದು ಪಕ್ಕಕ್ಕೆ ದೂಡುತ್ತಿತ್ತು. ತೆಗೆಯಲೇಬೇಕು. ಅಲ್ಲಿನ ಹಿರಿಯ ಸರ್ಜನ್ನರು ನೇರ ಮನುಷ್ಯ. ‘ಗಂಟು ತೆಗೀತೀನಿ. ಆದ್ರೆ ದನಿಯ ನರ ಅದರ ಬೆನ್ನಿಗೇ ಅಂಟಿಕೊಂಡಿದೆ. ದನಿ ಉಳಿಯುತ್ತೆ ಅಂತ ನಾನು ಮಾತು ಕೊಡೋದಿಲ್ಲ. ನಿಮ್ಮ ಕೆಲಸ ಏನು?’ ಎಂದು ಕೇಳಿದರು. ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಪುಣೆಯ ಒಬ್ಬ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಕೊಯ್ಯದೆ, ಸೂಜಿಯ ತುದಿಯ ಶಾಖದಿಂದ ಗಂಟನ್ನು ಒಳಗೇ ಬೇಯಿಸುವವರು. ಬೆಂದದ್ದು ಆಮೇಲೆ ತಿಂಗಳುಗಟ್ಟಲೆ ನಿಧಾನ ಕರಗಿ ಸಣ್ಣದಾಗುತ್ತದಂತೆ.

ಮನೆಯಲ್ಲಿ ಗದ್ದಲವೆದ್ದಿತು. ನನ್ನ ಸೋದರಮಾವ, ‘ಕೊರಳಾಗ ಬೆಂಕಿ ಇಡತಾರಂತ, ಇವಗ ಹುಚ್ಚು ಹಿಡದೈತಿ’ ಎಂದರು. ಅಕ್ಕ ನೀಲವ್ವ ಹೊಸೂರಿನಿಂದ ಬಂದವಳು ದೃಷ್ಟಿ ತೆಗೆದಳು, ಹರಕೆ ಹೊತ್ತಳು, ಆಮೇಲೆ ನನ್ನ ಪಕ್ಕ ಕೂತು ಒಂದೇ ಮಾತು ಕೇಳಿದಳು. ‘ಬೇಯಸ್ತಾರ ಅಂತೀ. ಹದ ನೋಡವ್ರು ಯಾರೋ?’

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ಅಪ್ಪ ಬೆಲ್ಲದ ಹದ ನೋಡುವವರು. ಊರಲ್ಲಿ ಯಾರ ಗಾಣ ಹೂಡಿದರೂ ಕೊಪ್ಪರಿಗೆಯ ಹತ್ತಿರ ಅಪ್ಪನೇ ನಿಲ್ಲಬೇಕು. ಕಬ್ಬಿನ ಹಾಲು ಕುದಿಯತೊಡಗಿದರೆ ಹಬೆ ಎಷ್ಟು ಏಳುತ್ತಿತ್ತೆಂದರೆ ಎದುರಿಗೆ ನಿಂತ ಅಪ್ಪನ ಸೊಂಟದ ಮೇಲಿನ ಭಾಗವೇ ಕಾಣುತ್ತಿರಲಿಲ್ಲ. ಆ ಹಬೆಯೊಳಗೆ ಕೈ ಚಾಚಿ ಸವಟಿನಿಂದ ಒಂದು ಹನಿ ಪಾಕ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಡುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ನೋಡುತ್ತಿದ್ದರು. ‘ಕಣ್ಣಿಗಿ ಕಾಣೂದು ಬರೇ ಹೊಗಿ. ಬೆರಳಿಗಿ ಕಾಣೂದು ಖರೆ’ ಎನ್ನುತ್ತಿದ್ದರು. ಗಾಣದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹದ ಬಂದಾಗ ಅಂಗೈ ಕೆಳಗೆ ಮಾಡಿ ಎರಡು ಸಲ ಇಳಿಸುತ್ತಿದ್ದರು. ನಾಲ್ಕು ಜನ ಓಡಿಬಂದು ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಬೇಕು. ಅಪ್ಪ ಯಾವಾಗಲೂ ತುಸು ಮೊದಲೇ ಕೈ ಇಳಿಸುವವರು. ಅದಕ್ಕೆ ಎಳೆ ಪಾಕ ಎಂದು ಬೇರೆಯವರು ಹಾಸ್ಯ ಮಾಡಿದರೆ, ‘ಇಳಿಸಿದ ಮ್ಯಾಲೂ ಅದು ಬೇಯಾಕತ್ತೇ ಇರತೈತಿ. ಎಳೀದು ಬಲೀತೈತಿ, ಸೀದದ್ದು ತಿರುಗಿ ಬರೂದಿಲ್ಲ’ ಎಂದು ಹೇಳುತ್ತಿದ್ದರು. ಅಪ್ಪನ ಬೆಲ್ಲದ ಪೆಂಟಿಗಳು ತುಸು ಮೆತ್ತಗೆ, ಬಾಯಿಗೆ ಹಾಕಿದರೆ ಕರಗುವಂಥವು.

ಪುಣೆಯ ಡಾಕ್ಟರು ಸೊಲ್ಲಾಪುರದ ಹೆಣ್ಣುಮಗಳು. ನಮ್ಮ ಹೆಸರು ಓದಿದವರೇ ಕನ್ನಡದಲ್ಲಿ, ‘ಬರ್ರಿ, ಕೂಡ್ರಿ. ಜಮಖಂಡಿಯಿಂದ ಬಸ್ಸಿಗೆ ಬಂದ್ರೇನು?’ ಅಂದರು. ಆ ಊರಲ್ಲಿ ಎರಡು ದಿನ ಮರಾಠಿಯಲ್ಲಿ ತಡವರಿಸಿದ್ದ ಶಾಂತಾಳ ಮುಖ ಅರಳಿತು. ನಾನು ಅಕ್ಕನ ಪ್ರಶ್ನೆಯನ್ನೇ ಕೇಳಿದೆ. ಒಳಗೆ ಬೇಯುತ್ತಿದೆ, ಹೊರಗೆ ಕೊರಳು. ಹದ ಬಂದದ್ದು ಹೇಗೆ ತಿಳಿಯುತ್ತದೆ? ಅವರು ನಕ್ಕರು, ಆದರೆ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ.

‘ಛಲೋ ಕೇಳಿದ್ರಿ. ನಮ್ಮ ತ್ರಾಸೂ ಅದೇ ಅದ. ಸೋನೋಗ್ರಾಫಿಯೊಳಗ ಸೂಜಿ ಕಾಣಸ್ತದ. ಆದ್ರ ಶಾಖ ಹಚ್ಚಿದ ಕೂಡಲೆ ಒಳಗ ಗುಳ್ಳಿ ಎದ್ದು ಚಿತ್ರ ಎಲ್ಲಾ ಮಬ್ಬಾಗ್ತದ. ಎಲ್ಲಿತನಕ ಬೆಂತು, ಎಲ್ಲಿ ಹಸಿ ಅದ, ತಿಳಿಯೂದಿಲ್ಲ. ಈಗ ಒಂದು ಹೊಸಾ ಮಷಿನ್ ಬಂದದ. ಅದೂ ಸೋನೋಗ್ರಾಫಿನ. ಆದ್ರ ಇದು ಸಣ್ಣಗ ಒತ್ತಿ ಒತ್ತಿ ನೋಡ್ತದ. ಬೆಂದದ್ದು ಗಟ್ಟಿ ಆಗಿರ್ತದ, ಬೇಯಲಾರದ್ದು ಮೆತ್ತಗಿರ್ತದ. ಗಟ್ಟಿ ಎಲ್ಲಿತನಕ ಅದ ಅಂತ ಬಣ್ಣ ಹಚ್ಚಿ ತೋರಸ್ತದ. ಇನ್ನೂ ಅಭ್ಯಾಸ ಮಾಡಲಿಕ್ಕತ್ತೇವಿ. ನೀವು ಒಪ್ಪಿದ್ರ ನಿಮಗೂ ಹಚ್ಚತೀವಿ.’

ಹಬೆಯೊಳಗೆ ಚಾಚಿದ ಅಪ್ಪನ ಕೈ ನನ್ನ ಕಣ್ಣೆದುರು ಬಂತು. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ.

ಕೋಣೆ ತಣ್ಣಗಿತ್ತು. ಅಂಗಾತ ಮಲಗಿಸಿ, ಭುಜದ ಕೆಳಗೆ ದಿಂಬಿಟ್ಟು ಕೊರಳನ್ನು ಮೇಲೆತ್ತಿದರು. ಅರಿವಳಿಕೆ ಕೊಟ್ಟಿದ್ದು ಕೊರಳಿಗಷ್ಟೇ. ನಾನು ಎಚ್ಚರವಿರಬೇಕಿತ್ತು. ಎಡಗಡೆ ಡಾಕ್ಟರು, ಬಲಗಡೆ ಆ ಹೊಸ ಮಷಿನ್ ನೋಡಿಕೊಳ್ಳುವ ಮಧ್ಯವಯಸ್ಸಿನ ಎಂಜಿನಿಯರ್, ತಲೆಯ ಹತ್ತಿರ ನರ್ಸ್. ಎಂಜಿನಿಯರರ ಪರದೆ ನನ್ನ ಕಣ್ಣಂಚಿಗೆ ಕಾಣುತ್ತಿತ್ತು. ಶಾಂತಾ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳಂತೆ. ಒಳಗಿನ ನನ್ನ ದನಿ ಕೇಳಿಸುವ ಜಾಗ ಅದೊಂದೇ ಎಂದು.

‘ಮಲ್ಲಪ್ಪನವರ, ಒಂದು ಮಾತು’ ಅಂದರು ಡಾಕ್ಟರು. ‘ಶಾಖ ಹಚ್ಚಿದಾಗ ನೀವು ಮಾತಾಡ್ಕೋತ ಇರಬೇಕು. ನಿಮ್ಮ ದನಿ ಬದಲಾತು ಅಂದ್ರ ನಾನು ನರದ ಹತ್ರ ಬಂದೀನಿ ಅಂತ ಅರ್ಥ. ನಿಲ್ಲಸ್ರಿ ಅಂದಾಗ ಗಪ್ಪಾಗ್ರಿ. ಆವಾಗ ಇವರು ಒತ್ತಿ ನೋಡತಾರ.’

‘ಏನ್ ಮಾತಾಡಲ್ರಿ?’ ಎಂದೆ. ಶಾಂತಾ ಹೇಳಿದ್ದು ಸುಳ್ಳಲ್ಲ ನೋಡಿ, ಮೈಕ್ ಇಲ್ಲದಿದ್ದರೆ ನನಗೆ ಮಾತೇ ಹುಟ್ಟುವುದಿಲ್ಲ.

‘ನಿಮ್ಮ ಕೆಲಸ ಗಾಡಿ ಕೂಗೂದಲ್ಲಾ? ಅದನ್ನ ಕೂಗ್ರಿ.’

ಆಕೆ ಕೂಗ್ರಿ ಎಂದದ್ದೇ ತಡ, ನಾನು ಎದೆ ತುಂಬ ಉಸಿರು ತೆಗೆದು ನಿಲ್ದಾಣದ ದನಿಯಲ್ಲಿ ‘ಮುಧೋಳ, ಲೋಕಾಪುರ, ಕಲಾದಗೀ’ ಎಂದು ಎತ್ತಿದೆ. ಕೊರಳು ಪೂರ್ತಿ ಏರಿ ಇಳಿಯಿತು. ನರ್ಸಿನ ಕೈಯ ತಟ್ಟೆ ಠಣ್ ಎಂದು ಕೆಳಗೆ ಬಿತ್ತು. ಎಂಜಿನಿಯರ್ ಮರಾಠಿಯಲ್ಲಿ ದೇವರನ್ನು ನೆನೆದರು. ಪುಣ್ಯಕ್ಕೆ ಸೂಜಿ ಇನ್ನೂ ಚರ್ಮದ ಹೊರಗೇ ಇತ್ತು.

‘ಹಂಗಲ್ರೀ ಮಾರಾಯರ’ ಎಂದರು ಡಾಕ್ಟರು, ನಗು ತಡೆದುಕೊಂಡು. ‘ಮಗ್ಗಲಕ ಕೂತವ್ರಿಗೆ ಹೇಳಿದಂಗ ಹೇಳ್ರಿ. ಕೊರಳು ಅಲುಗಿದ್ರ ಚಿತ್ರನೂ ಕೆಡ್ತದ, ನಿಮ್ಮ ಕೊರಳೂ ಕೆಡ್ತದ.’

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಊರುಗಳ ಹೆಸರನ್ನು ಮೆಲ್ಲಗೆ ಹೇಳಿದೆ. ಹಾಗೆ ಹೇಳುವಾಗ ಅವು ಬೇರೆಯೇ ಕೇಳಿಸಿದವು. ಬನಹಟ್ಟಿ ಎಂದರೆ ಮಗ್ಗದ ಸದ್ದು ಬಂತು, ಲೋಕಾಪುರ ಎಂದರೆ ನಾನು ಕಂಡಕ್ಟರ್ ಇದ್ದಾಗ ಚಹಾ ಕುಡಿಯುತ್ತಿದ್ದ ಕ್ರಾಸಿನ ಅಂಗಡಿ ಬಂತು. ಶಾಖ ಏರಿದ ಹಾಗೆ ಕಿವಿ, ದವಡೆ, ಹಲ್ಲಿನ ಬೇರಿನವರೆಗೆ ಬಿಸಿ ಹರಿಯಿತು. ನೋವೆಂದರೆ ನೋವು, ತಡೆದುಕೊಳ್ಳಬಹುದಾದಷ್ಟು. ‘ನಿಲ್ಲಸ್ರಿ’ ಎನ್ನುತ್ತಿದ್ದರು. ನಾನು ಗಪ್ಪಾಗುತ್ತಿದ್ದೆ. ಎಂಜಿನಿಯರ್ ಮಷಿನ್ನಿಗೆ ಜೋಡಿಸಿದ ಅಂಗೈಯಗಲದ ಹಿಡಿಯಿಂದ ಕೊರಳ ಮೇಲೆ ಸಣ್ಣಗೆ ಒತ್ತಿ ಬಿಡುತ್ತಿದ್ದರು, ಒತ್ತಿ ಬಿಡುತ್ತಿದ್ದರು. ಮತ್ತೆ ಶಾಖ, ಮತ್ತೆ ಊರು.

ಪರದೆಯಲ್ಲಿ ಮೆತ್ತಗಿದ್ದದ್ದು ಹಸಿರು, ಗಟ್ಟಿಯಾದದ್ದು ನೀಲಿ. ಪ್ರತಿ ಸಲ ಒತ್ತಿದಾಗಲೂ ನೀಲಿ ಒಂದಿಷ್ಟು ಮುಂದೆ ಬಂದಿರುತ್ತಿತ್ತು. ಪರದೆಯ ಬಲತುದಿಯಲ್ಲಿ ಡಾಕ್ಟರು ಬಿಳಿಯ ಒಂದು ಗುರುತು ಹಾಕಿಸಿದ್ದರು. ದನಿಯ ನರ ಇರುವ ಜಾಗ. ನೀಲಿಗೂ ಆ ಬಿಳಿ ಗುರುತಿಗೂ ನಡುವಿನ ಹಸಿರು ಕಿರಿದಾಗುತ್ತ ಬಂತು. ಇದನ್ನು ನಾನು ಮೊದಲೇ ನೋಡಿದ್ದೇನೆ ಅನ್ನಿಸಿತು. ಬಿಳಿ ಕಲ್ಲು, ಅದರತ್ತ ವರ್ಷ ವರ್ಷ ಬರುತ್ತಿದ್ದ ನೀರು, ನಡುವೆ ಹೆಜ್ಜೆ ಅಳೆಯುತ್ತ ನಿಂತ ನಾವು. ಆಗ ನೀರಿಗೆ ನಿಲ್ಲು ಅನ್ನುವವರು ಯಾರೂ ಇರಲಿಲ್ಲ.

‘ಇನ್ನೊಂದು ಸಣ್ಣದು’ ಎಂದರು ಡಾಕ್ಟರು. ‘ಮಾತಾಡ್ರಿ.’

ಹೇಳುವ ಊರುಗಳೆಲ್ಲ ಮುಗಿದಿದ್ದವು. ಬೀಳಗಿ ಗಾಡಿ ಒಂದು ಉಳಿದಿತ್ತು. ನಾನು ಬೀಳಗಿ ಎಂದೆ. ಅದರ ಬೆನ್ನಿಗೆ, ಎಷ್ಟೋ ವರ್ಷ ಬಾಯಿಂದ ಬಾರದಿದ್ದ ಹೆಸರು ತಾನಾಗಿ ಬಂತು. ಹಾಲದಿ… ಅಲ್ಲಿಗೆ ದನಿ ಹೋಯಿತು. ಒಡೆಯಲಿಲ್ಲ, ಹರಿಯಲಿಲ್ಲ. ತುಟಿ ಅಲುಗಿತು, ಗಾಳಿ ಬಂತು, ಸದ್ದು ಬರಲಿಲ್ಲ.

ಡಾಕ್ಟರು ಆ ಕ್ಷಣದಲ್ಲೇ ಶಾಖ ತೆಗೆದರು. ನರ್ಸಿಗೆ ಏನೋ ಹೇಳಿದರು. ಬರ್ಫದಂಥ ತಣ್ಣನೆಯದು ಕೊರಳೊಳಗೆ ಇಳಿಯಿತು. ‘ಸಕ್ಕರಿ ನೀರು, ನರ ತಣ್ಣಗ ಮಾಡಲಿಕ್ಕೆ. ಅಂಜಬ್ಯಾಡ್ರಿ’ ಎಂದರು. ನನ್ನ ಕಣ್ಣಿಂದ ನೀರು ಕಿವಿಯೊಳಗೆ ಹರಿಯುತ್ತಿತ್ತು. ಎಂಜಿನಿಯರ್ ಒತ್ತಿ ನೋಡಿದರು. ಎರಡು ಸಲ, ಮೂರು ಸಲ. ಹಳೆಯ ಸೋನೋಗ್ರಾಫಿಯ ಮಬ್ಬು ಚಿತ್ರದಲ್ಲಿ ಎಲ್ಲವೂ ಒಂದೇ ಹೊಗೆ. ಅವರ ಪರದೆಯಲ್ಲಿ ಮಾತ್ರ ನೀಲಿಗೂ ಬಿಳಿಗೂ ನಡುವೆ ಒಂದು ಎಳೆ ಹಸಿರು ಇನ್ನೂ ಇತ್ತು.

‘ನೋಡ್ರಿ, ನರ ಬೆಂದಿಲ್ಲ’ ಎಂದು ಡಾಕ್ಟರು ನನ್ನ ಮುಖದ ಮೇಲೆ ಬಾಗಿದರು. ‘ಬಿಸಿ ತಾಕ್ಯದ ಅಷ್ಟ. ದನಿ ತಿರುಗಿ ಬರ್ತದ ಅನಸ್ತದ, ಖಾತ್ರಿ ಹೇಳೂದಿಲ್ಲ. ಆದ್ರ ಗಂಟಿನ ಒಂದು ಅಂಚು ಹಸಿ ಉಳದದ, ಸಜ್ಜಿ ಕಾಳಿನಷ್ಟು. ಅದು ಮುಂದ ಬೆಳೀಬಹುದು, ಬೆಳೀದನೂ ಇರಬಹುದು. ನನ್ನ ಮನಸ್ಸಿನ್ಯಾಗ ಅದನ್ನ ಬಿಡಬೇಕಂತದ. ನೀವೇನಂತೀರಿ?’

ಅನ್ನಲು ನನ್ನಲ್ಲಿ ದನಿ ಇರಲಿಲ್ಲ. ಹಾಸಿಗೆಯ ಮೇಲಿಂದ ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಎರಡು ಸಲ ಇಳಿಸಿದೆ. ಆಕೆಗೆ ಅದು ಯಾರ ಸನ್ನೆ ಎಂದು ಗೊತ್ತಿರಲಿಲ್ಲ, ಆದರೂ ತಿಳಿಯಿತು. ಸೂಜಿ ಹೊರಗೆ ಬಂತು.

ಆಮೇಲಿನ ಎರಡು ತಿಂಗಳು ನನ್ನ ಬದುಕಿನಲ್ಲೇ ಉದ್ದನೆಯವು. ತೇರದಾಳದ ತಂಗೀ, ನಿನಗೆ ಹೇಳಬೇಕಾದದ್ದು ಇದೇ: ಸೂಜಿಗಿಂತ ಕಾಯುವುದು ದೊಡ್ಡದು. ಮನೆಯಲ್ಲಿ ಒಂದು ಪಾಟಿ, ಒಂದು ಬಳಪ. ಚಹಾ ಬೇಕೆಂದರೆ ಬರೆಯಬೇಕು. ಮೊದಲ ವಾರ ಶಾಂತಾ, ‘ಈಗರೆ ನನ್ನ ಮಾತಿಗಿ ಎದುರು ಮಾತಿಲ್ಲ’ ಎಂದು ಚೇಷ್ಟೆ ಮಾಡಿದಳು. ಎರಡನೆಯ ವಾರ ಅವಳೇ ಕೂತು ಅತ್ತಳು. ‘ಜಗಳಾನರೆ ಮಾಡ್ರಿ’ ಅಂದಳು. ಬೆಳಿಗ್ಗೆ ಎದ್ದ ಕೂಡಲೆ ಯಾರಿಗೂ ಕಾಣದ ಹಾಗೆ ಹಿತ್ತಿಲಿಗೆ ಹೋಗಿ ಬಾಯಿ ತೆರೆಯುತ್ತಿದ್ದೆ. ಗಾಳಿ ಬರುತ್ತಿತ್ತು. ನಮ್ಮ ಮನೆಗೆ ನಿಲ್ದಾಣದ ಮೈಕು ಕೇಳಿಸುತ್ತದೆ. ನನ್ನ ಜಾಗದಲ್ಲಿ ಬೇರೊಬ್ಬರು ಕೂಗುತ್ತಿದ್ದರು. ಚೆನ್ನಾಗಿಯೇ ಕೂಗುತ್ತಿದ್ದರು, ಅದೇ ಹೊಟ್ಟೆಯುರಿ. ದನಿ ತಿರುಗಿ ಬರದಿದ್ದರೆ ನಾನು ಯಾರು ಎನ್ನುವುದು ನನಗೇ ತಿಳಿಯುತ್ತಿರಲಿಲ್ಲ. ಬನಹಟ್ಟಿಯ ನೇಕಾರ ಮಾರಿ ಗೊತ್ತಿಲ್ಲ ಎಂದದ್ದು ಪದೇ ಪದೇ ನೆನಪಾಗುತ್ತಿತ್ತು.

ಅಕ್ಕ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು, ಮುಧೋಳ ಕಡೆಯ ಯಾವುದೋ ಗಾಣದ ಬೆಲ್ಲ ತರುತ್ತಿದ್ದಳು, ‘ಅಪ್ಪನ ಕೈದರಂಗ ಇಲ್ಲ ಬಿಡು’ ಎಂದು ತಾನೇ ಬೈಯುತ್ತಿದ್ದಳು. ನಾನು ಪಾಟಿಯ ಮೇಲೆ ಕೈಸನ್ನೆಯ ಕಥೆಯನ್ನು ಬರೆದು ತೋರಿಸಿದೆ. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿ, ಪಾಟಿ ಒರೆಸಿ ಗೋಡೆಗೆ ಆನಿಸಿಟ್ಟಳು. ಆಮೇಲೆ ಬಹಳ ಹೊತ್ತು ನನ್ನ ಕಾಲ ಹತ್ತಿರ ಕೂತಿದ್ದಳು.

ಒಂಬತ್ತನೆಯ ವಾರ ಒಂದು ಬೆಳಿಗ್ಗೆ ಬೆಕ್ಕು ಹಾಲಿಗೆ ಬಾಯಿ ಹಾಕಿತ್ತು. ಬರ್‍ರ್ ಎಂದು ಅದನ್ನು ಅಟ್ಟಿದೆ. ಅಟ್ಟಿದ ಮೇಲೆ ಅರಿವಾಯಿತು, ಸದ್ದು ಬಂದಿತ್ತು. ಒಳಗಿದ್ದ ಶಾಂತಾ ಕೈಯ ಹಿಟ್ಟಿನೊಂದಿಗೇ ಓಡಿಬಂದಳು. ಅಂದು ಬೆಕ್ಕಿಗೆ ಪೂರ್ತಿ ಹಾಲು ಸಿಕ್ಕಿತು.

ದನಿ ಬಂತು, ಹಳೆಯದಲ್ಲ. ತುಸು ತಗ್ಗು, ಅಂಚಿನಲ್ಲಿ ಒರಟು, ಎತ್ತರಿಸಿದರೆ ನಡುಗುವಂಥದು. ಪುಣೆಯಲ್ಲಿ ಡಾಕ್ಟರು ಮತ್ತೆ ಒತ್ತಿ ನೋಡಿದರು. ನಿಂಬೆಹಣ್ಣು ಬೋರೆಹಣ್ಣಾಗಿತ್ತು. ಸಜ್ಜೆ ಕಾಳು ಸಜ್ಜೆ ಕಾಳಾಗಿಯೇ ಇತ್ತು. ಅದನ್ನು ವರ್ಷಕ್ಕೊಮ್ಮೆ ನೋಡಿಕೊಂಡಿರೋಣ ಎಂದರು. ಈಗಲೂ ಹೋಗುತ್ತೇನೆ. ಅದು ಅಲ್ಲೇ ಇದೆ, ನಾನು ಇಲ್ಲೇ ಇದ್ದೇನೆ.

ಕೆಲಸಕ್ಕೆ ಹೋದ ಮೊದಲ ದಿನ ಮೇಜಿನ ಮೇಲಿನ ಮೈಕನ್ನು ನೋಡುತ್ತ ಕೂತಿದ್ದೆ. ಬರವಣಿಗೆಯ ಕೆಲಸ ಮಾಡಿಕೊಂಡಿರಿ, ಕೂಗಲು ಇನ್ನೊಬ್ಬರಿದ್ದಾರೆ ಎಂದು ಮೇಲಿನವರು ಪ್ರೀತಿಯಿಂದಲೇ ಹೇಳಿದ್ದರು. ಹತ್ತು ಗಂಟೆಯ ಹೊತ್ತಿಗೆ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಚೀಲ. ಹೊಸೂರಿಗೆ ಹೋಗುವ ಅವಳ ಗಾಡಿ ಎದುರಿಗೇ ನಿಂತಿತ್ತು.

‘ಹತ್ತು, ಬಿಡತಾನ ಈಗ’ ಎಂದೆ.

‘ನೀ ಕೂಗಲಾರದ ಹೆಂಗ ಹತ್ತಲಿ?’

‘ಅಕ್ಕಾ, ದನಿ ಏರೂದಿಲ್ಲ.’

‘ಏರಸಬ್ಯಾಡ. ಎಷ್ಟು ಬರತೈತಿ ಅಷ್ಟು.’ ಚೀಲ ಕೆಳಗಿಟ್ಟಳು. ‘ಆ ಕಾಗದದ ಹೆಸರಲ್ಲ. ನಮ್ಮೂರ ಹೆಸರು ಕೂಗು.’

ನಾನು ಅವಳ ಮುಖ ನೋಡಿದೆ. ‘ನೀನ ಬ್ಯಾಡ ಅಂದಿದ್ದಿ.’

‘ಅಂದಿದ್ನಿ. ಎರಡು ತಿಂಗಳ ನಿನ್ನ ದನಿ ಇಲ್ಲದ ಸ್ಟ್ಯಾಂಡಿನ್ಯಾಗ ಇಳದು ಹತ್ತೇನಿ ತಮ್ಮಾ. ಅವರು ಮಲಗಿದಲ್ಲೇ ಕೇಳಲಿ. ಕೂಗು.’

ಮೈಕಿನ ಗುಂಡಿ ಒತ್ತಿದೆ. ಮಗ್ಗುಲಿಗೆ ಕೂತವರಿಗೆ ಹೇಳುವ ಹಾಗೆ ಶುರು ಮಾಡಿದೆ. ಬೀಳಗಿ ಮಾರ್ಗವಾಗಿ, ಹಾಲದಿನ್ನಿ. ದಿ ಎನ್ನುವಲ್ಲಿ ನಡುಗಿತು, ನಿಲ್ಲಲಿಲ್ಲ. ಕೊನೆಯನ್ನು ಎಳೆಯಲು ಹೋದೆ, ಅರ್ಧಕ್ಕೆ ಗಾಳಿಯಾಯಿತು. ಬೆಂಚಿನ ಮೇಲಿದ್ದ ಇಬ್ಬರು ಮೂವರು ತಲೆಯೆತ್ತಿದರು. ಒಬ್ಬ ಮುದುಕ ಗಂಟು ಹೊತ್ತುಕೊಂಡು ಗಾಡಿಯ ಕಡೆ ನಡೆದ.

ಅಕ್ಕ ಕಿಟಕಿಯ ಹೊರಗೆ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಹೆಬ್ಬೆರಳು ತೋರುಬೆರಳು ಕೂಡಿಕೊಂಡು, ಇಲ್ಲದ ಪಾಕವನ್ನು ಸಣ್ಣಗೆ ಒತ್ತುತ್ತಿದ್ದವು.

‘ಎಳೀದೈತಿ’ ಎಂದಳು ಕಣ್ಣು ತೆರೆದು. ‘ಇರಲಿ. ಅಪ್ಪಂದೂ ಹಂಗ ಇರತಿತ್ತು.’

ಚೀಲ ಎತ್ತಿಕೊಂಡು ಗಾಡಿ ಹತ್ತಿದಳು.